ಹೆಂಚು ಸರಿಸಿದ ಮಧ್ಯಾಹ್ನ

ಕಳೆದ ವಾರ ಮದ್ದೂರಿನಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. ಕೆಳಗಿಳಿಸಿದ ನಾಡಹೆಂಚುಗಳಿಂದ ಎದ್ದ, ಎಷ್ಟೋ ವರ್ಷಗಳ ಒಲೆಯ ಹೊಗೆ ಹೀರಿದ ಕಮಟು ವಾಸನೆ ನನ್ನನ್ನು ರಸ್ತೆಯಲ್ಲಿಯೇ ನಿಲ್ಲಿಸಿತು. ಬಸರಾಳಿನ ಹತ್ತಿರದ ನಮ್ಮ ಊರಿನಲ್ಲಿ, ಪಕ್ಕದ ಮನೆಯ ಟೀಚರಮ್ಮ ಕೊನೆಯ ದಿನಗಳನ್ನು ಕಳೆದ ಕೋಣೆಯಲ್ಲಿಯೂ ಇದೇ ವಾಸನೆಯಿತ್ತು...

ಅವರು ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಎಂ.ಎಸ್ಸಿ. ಸೇರಿದ ಮೇಲೂ, ಸೆಮಿನಾರನ್ನು ಅವರ ಮುಂದೆ ಒಪ್ಪಿಸಿದ ನಂತರವೇ ನನಗೆ ಧೈರ್ಯ ಬರುತ್ತಿತ್ತು.

ಪ್ರಾಣ ಹೋಗದೆ ಒದ್ದಾಡುವವರಿಗೆ ದಾರಿಯಾಗಲೆಂದು ತಲೆಯ ಮೇಲಿನ ಹೆಂಚನ್ನು ತೆಗೆಯುವುದು ನಮ್ಮ ಕಡೆಯ ರೂಢಿ. ಟೀಚರಮ್ಮ ಅದನ್ನು ಜೀವನವಿಡೀ ಗೇಲಿ ಮಾಡಿದವರು. ತಮಗೆ ಹಾಗೆ ಮಾಡಕೂಡದೆಂದು, ಜೊತೆಗಿದ್ದು ನೋಡಿಕೊಳ್ಳುತ್ತಿದ್ದ ತಮ್ಮ ಅತ್ತಿಗೆಯಿಂದ ಮಾತು ತೆಗೆದುಕೊಂಡಿದ್ದರು. ಉಸಿರು ಕಟ್ಟಿ ಕಟ್ಟಿ ಬರತೊಡಗಿದಾಗ ಅತ್ತಿಗೆ ಅಂಗಲಾಚಿದರು.

"ಒಂದೇ ಒಂದು ಎಂಚು ಕಣವ್ವ. ನಿನ್ ಸಂಕಟ ನೋಡಕ್ಕಾಗಕಿಲ್ಲ."

"ಸುಮ್ಕಿರತ್ತಗೆ. ಮಳೆ ಬಂದು ಸೋರಿ, ಸಾಯೋ ಒತ್ನಲ್ಲಿ ನೆಗಡಿ ಬೇರೆ ಬರ್ಸಬ್ಯಾಡ."

ಆ ಮಧ್ಯಾಹ್ನ ಅವರು ನನ್ನನ್ನು ಕರೆಸಿ ಸೆಮಿನಾರ್ ಒಪ್ಪಿಸಲು ಹೇಳಿದರು. ಗ್ಯಾಲಕ್ಸಿಯೊಳಗಿನ ದೈತ್ಯ ನಕ್ಷತ್ರಗಳು ಸೂಸುವ ವಿಕಿರಣದಲ್ಲಿ, ಪರಮಾಣುವಿನಿಂದ ಎಲೆಕ್ಟ್ರಾನನ್ನೇ ಕಿತ್ತುಹಾಕುವಷ್ಟು ಪ್ರಬಲವಾದ ಭಾಗವೊಂದಿರುತ್ತದೆ ಎಂದೆ. ಸುತ್ತಲಿನ ಹೈಡ್ರೋಜನ್ ಅನಿಲ ಅದನ್ನು ಹೊರಗೆ ಬಿಡದೆ ನುಂಗುತ್ತದೆ. ಕೆಲವು ನಕ್ಷತ್ರಗಳು ಸಿಡಿದು ಸಾಯುವಾಗ ಆ ಅನಿಲದ ಹೊದಿಕೆ ಹರಿದು ತೂತಾಗುತ್ತದೆ. ಉಳಿದ ನಕ್ಷತ್ರಗಳ ವಿಕಿರಣ ಅಲ್ಲಿಂದ ಪಾರಾಗುತ್ತದೆ.

ಅವರು ತಲೆಯ ಮೇಲಿನ ಹೆಂಚುಗಳತ್ತ ನೋಡಿದರು.

"ಸಾಯೋವು ದಾರಿ ಮಾಡ್ತವೆ, ಇರೋವು ಓಯ್ತವೆ. ಅಂಗಲ್ವೇನೆ?"

"ಹೌದು ಮಿಸ್."

"ಸರಿಯಾಗಿ ಏಳ್ದೆ. ಎಂಚು ತೆಗ್ಸು. ಪ್ರಾಣ ಓಗಕ್ಕಲ್ಲ ಕಣೆ... ತೂತಲ್ಲಿ ಏನ್ ನಡೀತದೆ ನೋಡಣ."

ಅತ್ತಿಗೆ ಬಾಗಿಲ ಹಿಂದೆ ಹೆಂಚು ಸರಿಸುವ ಗಳುವನ್ನು ಮೊದಲೇ ಸಿದ್ಧವಾಗಿಟ್ಟಿದ್ದರು. ಒಂದು ಹೆಂಚು ಸರಿಯಿತು. ಕತ್ತಲೆಯ ಕೋಣೆಗೆ ಬಿಸಿಲಿನ ಕೋಲೊಂದು ಇಳಿಯಿತು.

"ಧೂಳು ನೋಡು, ಮೇಲಕ್ಕೆ ಓಯ್ತಾ ಅದೆ," ಎಂದರು ಟೀಚರಮ್ಮ.

ನಿಜವಾಗಿತ್ತು. ಇಳಿಯಬೇಕಾದ ಧೂಳು ಒಂದೇ ಸಮನೆ ಮೇಲೇರಿ ತೂತಿನಿಂದ ಹೊರಹೋಗುತ್ತಿತ್ತು. ಕೋಣೆಯ ಬಿಸಿಗಾಳಿ ಅದನ್ನು ಎತ್ತಿಕೊಂಡು ಹೋಗುತ್ತಿರಬೇಕೆಂದು ಎಚ್ಚರಿಕೆಯಿಂದ ವಿವರಿಸಿದೆ. ಹೇಳಿದ್ದು ತಪ್ಪಾಯಿತೇನೋ ಎಂದು ಅವರತ್ತ ತಿರುಗಿದೆ. ಅವರ ಕಣ್ಣುಗಳು ತೂತಿನ ಕಡೆಗೇ ಇದ್ದವು. ತಿದ್ದಲಿಲ್ಲ... ಮತ್ತೆ ಬಿಸಿಲಿನತ್ತ ನೋಡಿದಾಗ, ಧೂಳು ಇದ್ದಲ್ಲಿಯೇ ನಿಂತುಬಿಟ್ಟಿತ್ತು.

ಈಗ ಮಳವಳ್ಳಿಯ ಕಾಲೇಜಿನಲ್ಲಿ ನಾನು ಇದೇ ಪಾಠವನ್ನು ಮಾಡುತ್ತೇನೆ. ತೂತು ನಮ್ಮ ಕಡೆಗೆ ಮುಖ ಮಾಡಿದ್ದರೆ ಮಾತ್ರ ಆ ವಿಕಿರಣ ನಮಗೆ ಕಂಡೀತು ಎನ್ನುತ್ತೇನೆ. "ಬೇರೆ ಕಡೆ ಓಗಿದ್ದು ಏನಾಯ್ತದೆ ಮಿಸ್?" ಎಂದು ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಕೇಳಿದಳು. ಗ್ಯಾಲಕ್ಸಿಗಳ ನಡುವಿನ ವಿರಳ ಅನಿಲದ ಎಲೆಕ್ಟ್ರಾನುಗಳನ್ನು ಕೀಳುತ್ತಾ ಅಲ್ಲಿಯೇ ಮುಗಿಯಬಹುದು ಎಂದು ಸರಿಯಾದ ಉತ್ತರವನ್ನೇ ಕೊಟ್ಟೆ. ಟೀಚರಮ್ಮ ಎಲ್ಲಿಗೆ ಹೋದರೆಂದು ಯಾರೂ ಕೇಳಿಲ್ಲ. ನಾನು ತಪ್ಪು ಉತ್ತರ ಹೇಳಿದರೂ ತಿದ್ದಲು ಅವರಿಲ್ಲ.