ಭಾನುವಾರದ ಮೊದಲ ದನಿ

ವೆರೋನಳಿಗೆ ಸಾಕಾಗಿಹೋಗಿತ್ತು. ಬದುಕೆಲ್ಲ ಪೊರಕೆ ಕಟ್ಟಿ ಬೆರಳು ಸೊಟ್ಟಗಾಗಿದ್ದವು, ಮಂಡಿಗಳು ಮಾತು ಕೇಳುತ್ತಿರಲಿಲ್ಲ. ಆದರೂ ಭಾನುವಾರ ಬಂತೆಂದರೆ ಕರಿ ತಲೆವಸ್ತ್ರ ಕಟ್ಟಿಕೊಂಡು ಇಗರ್ಜಿಗೆ ಹೋಗಲೇಬೇಕು. ಡ್ಯಾನ್ಯೂಬ್ ದಂಡೆಯ ಆ ಸರ್ಬಿಯಾದ ಊರಿನಲ್ಲಿ ಬಲ್ಗೇರಿಯನ್ನರ ಕೇರಿ ಒಂದೇ, ಅದರಲ್ಲೂ ಉಳಿದವರು ಬೆರಳೆಣಿಕೆಯಷ್ಟು. ಮಣಿ ಎಣಿಸುತ್ತ ಮರಿಯಮ್ಮನಿಗೆ ಹಾಡುವ ಅವರ ಜಪಸರದ ಹಾಡನ್ನು ಎತ್ತಿಕೊಡುವವಳು ವೆರೋನ. ಉಳಿದ ಮುದುಕಿಯರು ದನಿಗೂಡಿಸುತ್ತಾರೆ, ಅಷ್ಟೇ. ಮೊದಲ ದನಿ ಎತ್ತು ಎಂದರೆ ಒಬ್ಬೊಬ್ಬರಿಗೂ ಕೆಮ್ಮು ಬರುತ್ತದೆ.

ಮೂರು ಊರು ಸುತ್ತುವ ಪಾದ್ರಿ ಕೆಟ್ಟವನಲ್ಲ. "ಹಾಡು ಎತ್ತೋರು ಇಲ್ದೇ ಇರೋ ದಿನ ಹಂಗೇರಿಯನ್ನರ ಪ್ರಾರ್ಥನೆಗೇ ಸೇರ್ಕೊಂಡ್ಬಿಡಿ ಅಮ್ಮ. ಎರಡೆರಡು ಯಾಕೆ?" ಎಂದಿದ್ದ. ಅವತ್ತಿನಿಂದ ವೆರೋನ ಜ್ವರ ಬಂದರೂ ತಪ್ಪಿಸಿರಲಿಲ್ಲ.

ಅದೇ ಇಗರ್ಜಿಯಲ್ಲಿ ಬಲ್ಗೇರಿಯನ್ನರ ಸರದಿ ಮುಗಿದ ಮೇಲೆ ಊರಿನ ಹಂಗೇರಿಯನ್ನರದು. ಅವರ ಮುಂದಾಳು ಪಿರೋಷ್ಕ, ವೆರೋನಳ ಪಕ್ಕದ ಮನೆಯವಳು. ಬಾಗಿಲ ಹೊರಗೆ ಚಳಿಯಲ್ಲಿ ಕಾಯುತ್ತ ನಿಂತವಳು ಪ್ರತಿ ವಾರವೂ ಕಾಲು ಕೆರೆದು ಜಗಳ ತೆಗೆಯುತ್ತಿದ್ದಳು.

"ನಿಮ್ಮ ಮಾತೆ ಮರಿಯಮ್ಮನಿಗೆ ಕಿವಿ ಕೇಳಲ್ವೇನೇ? ಎಷ್ಟೊತ್ತು ಎಳೀತೀಯೇ ಆ ಹಾಡನ್ನ!"

"ನಿಮ್ಮ ಥರ ಬಸ್ಸಿಗೆ ಹೊರಟೋರ ಹಂಗೆ ಹಾಡಕ್ಕಾಗಲ್ಲ ಕಣೇ."

ಆ ಭಾನುವಾರ ವೆರೋನ ಬೂಟು ಹಾಕಿಕೊಂಡು, ತಲೆವಸ್ತ್ರ ಕಟ್ಟಲು ಮಂಚದ ಮೇಲೆ ಕೂತಳು. ಕೂತವಳು ಹಾಗೇ ನಿದ್ದೆ ಹೋದಳು. ಎಚ್ಚರವಾದಾಗ ಕಿಟಕಿಯ ಬಿಸಿಲು ಒಲೆಯವರೆಗೆ ಬಂದಿತ್ತು. ತಮ್ಮ ಸರದಿ ಮುಗಿಯುವ ಹೊತ್ತು.

ಮೊದಲಿಗೆ ಹಾಯೆನಿಸಿತು. ಇನ್ನು ಹೋಗಬೇಕಿಲ್ಲ. ಆಮೇಲೆ, ಹಾಯೆನಿಸಿತಲ್ಲ ಎಂಬುದಕ್ಕೇ ಅಳು ಬಂತು. ಅಜ್ಜಿ ಹಾಡಿದ್ದು, ಅವ್ವ ಹಾಡಿದ್ದು, ತಾನು ನಿದ್ದೆ ಮಾಡಿ ಮುಗಿಸಿದೆನಲ್ಲ ಎಂದುಕೊಳ್ಳುತ್ತ, ಕೋಲು ಹಿಡಿದು ಕಾಲೆಳೆದುಕೊಂಡು ಹೊರಟಳು.

ಇಗರ್ಜಿಯ ಬಾಗಿಲಲ್ಲಿ ಹಂಗೇರಿಯನ್ನರು ಇನ್ನೂ ಕಾಯುತ್ತ ನಿಂತಿದ್ದರು. ಒಳಗಿನಿಂದ ಅದೇ ಹಾಡು ಕೇಳಿಸುತ್ತಿತ್ತು, ತಮ್ಮದೇ ಬಲ್ಗೇರಿಯನ್ ಹಾಡು. ಕೊಂಚ ಅವಸರದ ದನಿ, ಆದರೆ ರಾಗ ತಪ್ಪಿರಲಿಲ್ಲ. ಮುಂದೆ ನಿಂತು ಎತ್ತಿಕೊಡುತ್ತಿದ್ದವಳು ಪಿರೋಷ್ಕ. ಮುದುಕಿಯರು ಎಂದಿನಂತೆ ದನಿಗೂಡಿಸುತ್ತಿದ್ದರು. ವೆರೋನ ಕೊನೆಯ ಬೆಂಚಿನ ಮೇಲೆ ಕುಸಿದಳು.

ಹಾಡು ಮುಗಿಸಿ ಪಿರೋಷ್ಕ ನೇರವಾಗಿ ಅವಳ ಬಳಿ ಬಂದಳು.

"ಸತ್ತೇ ಹೋದ್ಯೇನೋ ಅಂದ್ಕೊಂಡೆ ಮಾರಾಯ್ತಿ! ಇವ್ರೆಲ್ಲ ಒಬ್ರ ಮುಖ ಒಬ್ರು ನೋಡ್ಕೊಂಡು ಕೂತಿದ್ರು. ಪಾದ್ರಿ ಬೇರೆ ಗಡಿಯಾರ ನೋಡ್ತಿದ್ದ."

"ನಿನಗೆ ಹೆಂಗೇ ಬರತ್ತೆ ಇದು?"

"ಇಷ್ಟು ವರ್ಷ ಬಾಗಿಲಲ್ಲಿ ನಡುಗ್ತಾ ನಿಂತು ಕೇಳಿಸ್ಕೊಂಡಿಲ್ವಾ? ನೀನು ಎಳೆಯೋ ಎಳೆತಕ್ಕೆ ಕಲ್ಲಿಗೂ ಬಾಯಿಪಾಠ ಆಗತ್ತೆ."

ವೆರೋನ ಕಣ್ಣೊರೆಸಿಕೊಂಡಳು. "ಕೊನೇ ಚರಣ ಅರ್ಧ ನುಂಗ್ಬಿಟ್ಟೆ ನೀನು."

"ಹಂಗಾದ್ರೆ ಮುಂದಿನ ವಾರ ನೀನೇ ಎದ್ದು ಬಾ."

"ಮುಂದಿನ ವಾರಾನೂ ನೀನೇ ಹಾಡೇ. ನನ್ನ ಕೈಲಾಗಲ್ಲ."

ಪಿರೋಷ್ಕ ಅವಳನ್ನೇ ನೋಡಿದಳು. "ನನಗೇನು ಹದಿನಾರಾ? ಆಯ್ತು. ಆಗೋವರೆಗೂ ಹಾಡ್ತೀನಿ."

ಹೊರಗಿದ್ದವರು ಒಳಬಂದರು. ಯಾವತ್ತೂ ಈ ಹೊತ್ತಿಗೆ ಮನೆಗೆ ಹೊರಟುಬಿಡುವ ವೆರೋನಳಿಗೆ ಇವತ್ತು ಏಳಲಾಗಲಿಲ್ಲ. ತಲೆ ಗೋಡೆಗೆ ವಾಲಿತು, ನಿದ್ದೆಗೆ ಕಣ್ಣು ಮುಚ್ಚಿಕೊಂಡವು. ಪಿರೋಷ್ಕ ತನ್ನ ಶಾಲನ್ನು ಅವಳ ಮಂಡಿಯ ಮೇಲೆ ಹೊದಿಸಿದಳು. ಆಮೇಲೆ ಮುಂದೆ ಹೋಗಿ ತಮ್ಮವರ ಹಾಡನ್ನು ಎಂದಿಗಿಂತ ನಿಧಾನವಾಗಿ, ಮೆಲ್ಲಗೆ ಎತ್ತಿಕೊಂಡಳು.