ಟೈಲರಮ್ಮನಿಗೆ ಸಿಗದ ಬೆಕ್ಕು

ಆ ಬಡಾವಣೆಯಲ್ಲಿ ನಾಯಿ, ಬೆಕ್ಕು, ಗಿಳಿ ಏನೇ ಕಳೆದುಹೋಗಲಿ, ಜನ ಮೊದಲು ಓಡುತ್ತಿದ್ದುದು ಟೈಲರಮ್ಮನ ಅಂಗಡಿಗೆ. ಮನೆಯ ಮುಂಗೋಣೆಯೇ ಅಂಗಡಿ. ಬೀದಿಗೆ ಮುಖಮಾಡಿದ ಕಿಟಕಿಯ ಬಳಿ ಕೂತು ಹೊಲಿಯುತ್ತಿದ್ದ ಅವಳಿಗೆ ಯಾವ ನಾಯಿ ಯಾರ ಮನೆಯದು, ಯಾವ ಬೆಕ್ಕು ಯಾವ ಗೋಡೆ ಹಾರುತ್ತದೆ, ಎಲ್ಲ ಬಾಯಿಪಾಠ. ಸುದ್ದಿ ಸಿಕ್ಕಿದ್ದೇ ತಡ, ಕತ್ತರಿ ಕೆಳಗಿಟ್ಟು ಹೊರಡುವಳು. ಕಾರಿನಡಿ ನುಸುಳಿ, ಮೊಣಕೈ ತರಚಿಕೊಂಡಾದರೂ ಹಿಡಿದು ತರುವಳು. ತಂದು ಒಪ್ಪಿಸುವಾಗ ಮಾತ್ರ ಮಾಲೀಕರ ಜನ್ಮ ಜಾಲಾಡದೆ ಬಿಡುವವಳಲ್ಲ.

"ಬಾಗಿಲು ಹಾಕೋಕೆ ಕೈ ನೋಯುತ್ತಾ? ಯೋಗ್ಯತೆ ಇಲ್ದಿದ್ರೆ ಯಾಕ್ರೀ ಸಾಕ್ತೀರಿ?" ಎಂದು ಶಾಲೆ ವ್ಯಾನಿನ ಡ್ರೈವರನಿಗೆ ನಡುಬೀದಿಯಲ್ಲಿ, ಅವನ ಹೆಂಡತಿಯ ಎದುರೇ ನೀರಿಳಿಸಿದ್ದಳು. ಅವನು ಸಿಕ್ಕಿದ ನಾಯಿಯನ್ನು ಎದೆಗವಚಿಕೊಂಡು ತಲೆ ತಗ್ಗಿಸಿ ನಿಂತಿದ್ದ.

ಹೀಗಿರುವಾಗ ಮುಖ್ಯರಸ್ತೆಯ ಆಚೆ ಬದಿಯಲ್ಲಿದ್ದ ಅವಳ ಅಕ್ಕ ಸೊಂಟದ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕಾಯಿತು. ಗಂಡ ಸತ್ತ ಮೇಲೆ ಅಕ್ಕನ ಜೊತೆಗಿದ್ದುದು ದುಂಡಿ ಎಂಬ ಮುದಿ ಬೆಕ್ಕೊಂದೇ. "ನಿನ್ನ ಹತ್ರ ಬಿಟ್ರೆ ನಂಗೆ ಚಿಂತೆ ಇಲ್ಲ ಕಣೇ" ಎಂದು ಬುಟ್ಟಿ ಸಮೇತ ಒಪ್ಪಿಸಿಹೋದಳು.

ಮಾರನೇ ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದ ಟೈಲರಮ್ಮ ಹಿಂಬಾಗಿಲು ಹಾಕುವುದನ್ನು ಮರೆತಳು. ಬಂದು ನೋಡಿದರೆ ಬುಟ್ಟಿ ಖಾಲಿ.

ಬೇರೆಯವರ ಬೆಕ್ಕಾಗಿದ್ದರೆ ಬೀದಿಗೆಲ್ಲ ಡಂಗುರ ಸಾರುತ್ತಿದ್ದಳು. ಈಗ ತಾನು ಬೈದವರೆಲ್ಲ ಸಾಲಾಗಿ ನಿಂತು ನಗುವುದು ಕಣ್ಣಿಗೆ ಕಟ್ಟಿತು. ಕೈಯಲ್ಲೊಂದು ಚೀಲ ಹಿಡಿದು, ತರಕಾರಿಗೆ ಹೊರಟವಳಂತೆ ಗಲ್ಲಿ ಗಲ್ಲಿ ಸುತ್ತಿದಳು. ಹೆಸರು ಹಿಡಿದು ಕೂಗಲೂ ಧೈರ್ಯವಿಲ್ಲ. "ಏನ್ ಟೈಲರಮ್ಮ, ಯಾರದು ಕಳೆದಿದೆ?" ಎಂದು ಹಾಲಿನವನು ಕೇಳಿದರೆ, "ಯಾರದೂ ಇಲ್ಲಪ್ಪ, ಸುಮ್ನೆ ಕಾಲಾಡಿಸ್ತಾ ಇದೀನಿ" ಎಂದಳು.

ಸಂಜೆ ಅಕ್ಕನ ಫೋನು ಬಂತು. "ದುಂಡಿ ಹೇಗಿದಾಳೆ?"

"ಹಾಲು ಕುಡಿದು ಮಲಗಿದಾಳೆ."

"ಫೋನ್ ಅವಳ ಕಿವಿ ಹತ್ರ ಹಿಡಿಯೇ, ಒಂದು ಮಾತಾಡ್ತೀನಿ."

ಟೈಲರಮ್ಮ ಫೋನನ್ನು ಖಾಲಿ ಬುಟ್ಟಿಯ ಮೇಲೆ ಹಿಡಿದಳು. "ನನ್ ಬಂಗಾರ, ಹಟ ಮಾಡ್ಬೇಡ, ಚಿಕ್ಕಮ್ಮ ಹೇಳಿದ ಹಾಗೆ ಕೇಳು, ಬೇಗ ಬರ್ತೀನಿ" ಎಂದು ಅಕ್ಕ ಬಳಲಿದ ದನಿಯಲ್ಲಿ ಮುದ್ದುಗರೆಯುತ್ತಿದ್ದಳು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು ಟೈಲರಮ್ಮನಿಗೆ. ಆದರೂ ಮುಂದಿನ ಸಂಜೆಗಳಲ್ಲೂ ಹಾಗೇ ಹಿಡಿದಳು.

ಈ ನಡುವೆ ವ್ಯಾನ್ ಡ್ರೈವರ್ ಅವಳ ಅಂಗಡಿಯ ಕಡೆಗೇ ಬರುವುದು ಕಂಡಿತು. ಹೇಗೋ ವಿಷಯ ತಿಳಿದು ಆಡಿಕೊಳ್ಳಲು ಬರುತ್ತಿದ್ದಾನೆ ಎಂದುಕೊಂಡು ಒಳಗೋಡಿದಳು. "ಅಮ್ಮ ಇಲ್ಲ ಅನ್ನೇ" ಎಂದು ಮಗಳನ್ನು ಮುಂದೆ ಮಾಡಿದಳು. ಅವನು ಮತ್ತೊಮ್ಮೆ ಬಂದಾಗಲೂ ಅದೇ ನಾಟಕ.

ಆಸ್ಪತ್ರೆಯಿಂದ ಬಿಟ್ಟ ದಿನ ಅಕ್ಕ ವಾಕರ್ ಊರಿಕೊಂಡು ಸೀದಾ ತಂಗಿಯ ಮನೆಗೇ ಬಂದಳು. "ಎಲ್ಲೇ ಅವಳು?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಟೈಲರಮ್ಮ ಎಲ್ಲ ಹೇಳಿದಳು, ಫೋನು ಹಿಡಿದದ್ದನ್ನೂ.

ಅಕ್ಕ ಬೈಯಲಿಲ್ಲ. "ಹಾಗಾದ್ರೆ ನಾನು ಇಷ್ಟು ದಿನ ಗೋಡೆ ಜೊತೆ ಮಾತಾಡಿದ್ನಾ?" ಎಂದಷ್ಟೇ ಕೇಳಿ ಬೀದಿಗಿಳಿದಳು. ಯಾರು ನೋಡುತ್ತಾರೆ, ಏನಂದುಕೊಳ್ಳುತ್ತಾರೆ ಎಂಬ ಪರಿವೆಯಿಲ್ಲದೆ "ದುಂಡೀ, ದುಂಡೀ" ಎಂದು ಗಂಟಲು ಹರಿಯುವಂತೆ ಕೂಗುತ್ತಾ ನಡೆದಳು. ಒಂದೊಂದೇ ಕಿಟಕಿ ತೆರೆಯಿತು. ಟೈಲರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ಹೋದಳು.

ತಿರುವಿನ ಮನೆಯಿಂದ ಡ್ರೈವರ್ ಹೊರಬಂದ. ಅವನ ತೋಳಲ್ಲಿ ದುಂಡಿ.

"ಇದು ನಿಮ್ದಾ ಅಕ್ಕ? ನಮ್ಮ ವ್ಯಾನಿನ ಸೀಟಿನಡಿ ಕೂತಿತ್ತು. ಟೈಲರಮ್ಮಂಗೆ ಹೇಳಿದ್ರೆ ಯಾರದು ಅಂತ ಗೊತ್ತಾಗುತ್ತೆ ಅಂತ ಎರಡು ಸಲ ಹೋದೆ. ಮನೇಲಿಲ್ಲ ಅಂದ್ರು."

ಅಕ್ಕನ ಎರಡೂ ಕೈ ವಾಕರ್ ಮೇಲಿದ್ದವು. "ಇಲ್ಲಿ ಕೊಡಿ, ನಾನು ಎತ್ಕೋತೀನಿ" ಎಂದು ಟೈಲರಮ್ಮ ಮುಂದೆ ಬಂದಳು.

"ಬೇಡ" ಎಂದಳು ಅಕ್ಕ. "ಅವರೇ ತರಲಿ."

ಡ್ರೈವರ್ ಬೆಕ್ಕನ್ನು ಎತ್ತಿಕೊಂಡು ಅಕ್ಕನ ಹೆಜ್ಜೆಗೆ ಹೆಜ್ಜೆ ಹಾಕಿ ಅವಳ ಮನೆವರೆಗೂ ಬಿಟ್ಟುಬಂದ. ಟೈಲರಮ್ಮ ಅವನ ಗೇಟಿನ ಬಳಿಯೇ ಕಾದಿದ್ದಳು.

"ಎರಡು ಸಲವೂ ನಾನು ಒಳಗೇ ಇದ್ದೆ" ಎಂದಳು. "ಬಾಗಿಲು ಹಾಕದೆ ಬಿಟ್ಟವಳೂ ನಾನೇ. ಅವತ್ತು ನಿಮ್ಮನ್ನ ಹಾಗೆ ಅನ್ನಬಾರದಿತ್ತು."

ಅವನು ಗೇಟು ತೆರೆದ. "ಹೋಗ್ಲಿ ಬಿಡಿ ಅಮ್ಮ, ಬನ್ನಿ, ನೀರು ಕುಡೀರಿ" ಎಂದ. ಅವನು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಅಕ್ಕ ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಮಾತುಕತೆ, ಹೋಗಿಬರುವುದು ಎಲ್ಲ ಶುರುವಾಯಿತು. ಆದರೆ ಮುಂದೆ ಊರಿಗೆ ಹೋಗಬೇಕಾದಾಗಲೆಲ್ಲ ಅಕ್ಕ ಬೆಕ್ಕನ್ನು ಬಿಡುತ್ತಿದ್ದುದು ಡ್ರೈವರನ ಮನೆಯಲ್ಲಿ.