ಹದಿನೈದು ತಿಂಗಳ ವರ್ಷ

ಅಧಿಕ ಮಾಸ ಬಂದರೆ ಅಳಿಯನಿಗೆ ಅಕ್ಕಿ ಬೆಲ್ಲದ ಅನಾರಸ ಕರಿದು ಬಡಿಸಬೇಕು. ಗದಗಿನ ಕಡೆಯ ಈ ಪದ್ಧತಿಯನ್ನು ನನ್ನ ಹೆಂಡತಿ ಕಡಲಾಚೆಯ ಈ ಪಾಪಟೋಟೊಯಿ ಊರಿಗೆ ಬಂದು ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಆ ಚಳಿಗಾಲ ಅಳಿಯನನ್ನು ಕರೆಸುವ ಕಷ್ಟವೂ ಇರಲಿಲ್ಲ. ‘ಮನೆ ಸಿಗುವ ತನಕ ಒಂದು ತಿಂಗಳು’ ಎಂದು ಮಗಳ ಜೊತೆ ಬಂದವನು ತಿಂಗಳ ಮೇಲೆ ತಿಂಗಳು ಏರಿಸುತ್ತ ನಮ್ಮಲ್ಲೇ ಇದ್ದ. ಸಾಮಾನು ಹೇರುವ ನನ್ನ ಯೂಟ್ ಗಾಡಿ ನಿಲ್ಲುವ ಜಾಗದಲ್ಲಿ ಅವನ ಕಾರು. ನನ್ನ ಕುರ್ಚಿಯಲ್ಲಿ ಕೂತು ನನಗೇ ಪಾಠ.

ಮೈಸೂರಿನವನು. ಓದಲೆಂದು ಬಂದು ಇಲ್ಲೇ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾದ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಮಂಡಿಯೂರಿ ಊರವರ ಮನೆಗೆಲ್ಲ ಟೈಲ್ಸ್ ಕೂರಿಸಿ ಈ ಮನೆ ಮಾಡಿದವನು. ಅವನಿಗೆ ನನ್ನ ಕಂಡರೆ ತಾತ್ಸಾರ, ನನಗೆ ಅವನ ಕಂಡರೆ ಉರಿ. ಆದರೆ ಮಗಳು ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ, ನನ್ನ ಸೂರಿನಡಿಯೇ ಆಗಬೇಕು. ಅದೊಂದಕ್ಕಾಗಿ ಹಲ್ಲು ಕಚ್ಚಿಕೊಂಡಿದ್ದೆ.

ಆ ಶನಿವಾರ ಮಧ್ಯಾಹ್ನ ಅವನು ಅನಾರಸ ಮುರಿದು ತುಪ್ಪದಲ್ಲಿ ಅದ್ದುತ್ತ ಶುರು ಮಾಡಿದ.

“ಮಾವ, ಅಧಿಕ ಮಾಸ ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೀರಾ? ರೋಮಿನವರೂ ಸೇರಿಸ್ತಿದ್ರು. ಕ್ರಿಸ್ತ ಹುಟ್ಟೋಕೆ ಮುಂಚೆ ಅವರದ್ದೊಂದು ವರ್ಷಕ್ಕೆ ಹದಿನೈದು ತಿಂಗಳು!”

“ಯಾಕಂತ?”

“ಪುರೋಹಿತ್ರು ಮನಸ್ಸಿಗೆ ಬಂದಾಗ ತಿಂಗಳು ಸೇರಿಸೋರು, ಬೇಡಾಂದ್ರೆ ಬಿಡೋರು. ಕೊನೆಗೆ ಸುಗ್ಗಿ ಹಬ್ಬ ಬಂದ್ರೂ ಸುಗ್ಗಿ ಬರ್ತಿರ್ಲಿಲ್ಲ. ಆಗ ಅವರ ಸರ್ವಾಧಿಕಾರಿ ಒಂದೇ ವರ್ಷಕ್ಕೆ ಮೂರು ತಿಂಗಳು ತುರುಕಿ ಲೆಕ್ಕ ಸರಿ ಮಾಡ್ದ. ಅದರ ಮೇಲೆ ಯುದ್ಧ ಬೇರೆ, ಜನ ಸೊರಗಿಹೋಗಿದ್ರು.”

“ದುರ್ಭಿಕ್ಷದಾಗ ಅಧಿಕ ಮಾಸ ಅನ್ರಿ ಹಂಗಾರ,” ಎಂದೆ.

ಅವನು ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಹಾಕಿದ. “ಇನ್ನೊಂದು ತಿಂಗಳು ಇರ್ತೀವಿ ಅಂತ ಬೆಳಿಗ್ಗೆ ಅತ್ತೆಗೆ ಹೇಳಿದ್ದು ನಿಮ್ಮ ಕಿವಿಗೆ ಬಿತ್ತು ಅನ್ಸುತ್ತೆ. ನೇರವಾಗೇ ಹೇಳ್ಬಹುದಿತ್ತು.”

ಅವನು ಹಾಗೆ ಹೇಳಿದ್ದೇ ನನಗೆ ಗೊತ್ತಿರಲಿಲ್ಲ. ನಾನು ಆಡಿದ್ದು ರೋಮಿನ ಜನರ ಪಾಡಿಗೆ. ಆದರೆ ಆ ಮೋರೆಗೆ ಅದನ್ನು ಬಿಡಿಸಿ ಹೇಳಲು ನಾಲಿಗೆ ಏಳಲಿಲ್ಲ. ಬೇರೆಯದೇ ಎದ್ದಿತು.

“ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ರಂತ!”

“ರೀ, ಸಾಕ್ ಮಾಡ್ರಿ,” ಎಂದಳು ಹೆಂಡತಿ, ತುಪ್ಪದ ಮಿಳ್ಳೆ ಹಿಡಿದುಕೊಂಡೇ.

ಇಲ್ಲೇ ಬೆಳೆದ ಮಗಳು ಸಿಟ್ಟು ಬಂದಾಗ ಮಾತ್ರ ಕನ್ನಡ ಆಡುತ್ತಾಳೆ. “ಪಪ್ಪಾ, ಆ ಮೊದಲ್ನೇ ಮಾತು ರೋಮಿನವರಿಗೆ ಅಂದಿದ್ದು ಅಂತ ಹೇಳಿಬಿಡ್ರಿ. ಪ್ಲೀಸ್. ಅಷ್ಟ ಸಾಕು ನನಗ.”

“ನನ್ನ ಮನ್ಯಾಗ ನಾ ಆಡಿದ್ದಕ್ಕ ಅರ್ಥ ಬರಿಯಾಕ ಇದೇನು ಇವನ ಕ್ಲಾಸ್ ರೂಮೇನು?”

ಅವಳು ಸೂಟ್‌ಕೇಸ್ ಹುಡುಕಲು ಒಳಗೆ ಹೋದಳು.

ಅಷ್ಟು ತಿಂಗಳು ಸಿಗದ ಮನೆ ಪಾಪಕುರಾದಲ್ಲಿ ಮರುವಾರವೇ ಸಿಕ್ಕಿತು. ಬಾಣಂತನವೂ ಅಲ್ಲೇ ನಡೆಯಿತು. ಹೆಂಡತಿ ಖಾರದ ಪುಡಿ, ಎಣ್ಣೆ ಕಟ್ಟಿಕೊಂಡು ರೈಲಿನಲ್ಲಿ ಹೋಗಿ ಬರುತ್ತಾಳೆ. ಕೂಸಿಗೆ ನನ್ನದೇ ಮೂಗು ಅನ್ನುತ್ತಾಳೆ. ಇರಲಿ. ನನ್ನನ್ನು ಯಾರೂ ಕರೆದಿಲ್ಲ. ಕರೆಯದ ಮನೆಗೆ ಹೋಗುವವನು ನಾನಲ್ಲ.